ಅಳಿಲು ಕೂತರೆ ಮುಚ್ಚುವ ಡಬ್ಬಿ

ಅಮ್ಮ,

ನೀನು ಇದನ್ನು ಓದುವುದಿಲ್ಲ. ಬದುಕಿದ್ದಾಗ ಕೈಗೆ ಕೊಟ್ಟಿದ್ದರೂ ಒಪ್ಪುತ್ತಿರಲಿಲ್ಲ.

ನಿನ್ನೆ ಅಕ್ಕನ ಜೊತೆ ಹಕ್ಕಿಗೆ ಕಾಳು ಹಾಕುವ ಡಬ್ಬಿ ತರಲು ಹೋಗಿದ್ದೆ. ಬಾಲ್ಕನಿಯಲ್ಲಿ ಏನಿಟ್ಟರೂ ಗುಬ್ಬಿಗಳಿಗೆ ಬಿಡದೆ ಅಳಿಲೇ ಮುಗಿಸುತ್ತದೆ. ಅಂಗಡಿಯವನು ಒಂದು ಡಬ್ಬಿ ತೋರಿಸಿ, ಹಕ್ಕಿ ಕೂರುವ ಕಡ್ಡಿಯನ್ನು ಬೆರಳಿನಿಂದ ಒತ್ತಿದ. ಡಬ್ಬಿಯ ಬಾಯಿ ಟಪ್ಪೆಂದು ಮುಚ್ಚಿಕೊಂಡಿತು.

"ಗುಬ್ಬಿ ಕೂತ್ರೆ ತೆರೆದೇ ಇರುತ್ತೆ ಮೇಡಂ. ದಪ್ಪಗಿರೋರು ಕೂತ್ರೆ ಊಟ ಬಂದ್!"

ಅಕ್ಕ ಕಿಸಕ್ಕನೆ ನಕ್ಕಳು. "ಥೇಟ್ ಅಮ್ಮ ಕಣೇ."

ಹೌದು, ನೀನೇ. ಅಕ್ಕನ ತಟ್ಟೆಗೆ ಕೇಳದೆಯೇ ಬಡಿಸುತ್ತಿದ್ದೆ. ನಾನು ಕೈ ಚಾಚಿದರೆ ಪಾತ್ರೆಗೆ ಮುಚ್ಚಳ ಬೀಳುತ್ತಿತ್ತು, ನೆಂಟರ ಎದುರಿಗೂ. "ಸಾಕು ಡುಮ್ಮಿ, ಏಳು."

"ನಿನ್ನ ಒಳ್ಳೇದಕ್ಕೇ ಹೇಳ್ತಿದ್ಲು," ಅಂದಳು ಅಕ್ಕ. ಇರಬಹುದೇನೋ. ಆದರೆ ಅದು ಹೊಟ್ಟೆ ತುಂಬಿದವಳ ಮಾತು.

ಆ ಡಬ್ಬಿ ಬೇಡ, ಬರೀ ತೆರೆದ ತಟ್ಟೆ ಕೊಡಿ ಎಂದೆ ಅಂಗಡಿಯವನಿಗೆ.

"ಅಳಿಲು ಒಂದು ಕಾಳೂ ಉಳಿಸಲ್ಲ ಮೇಡಂ."

"ತಿನ್ಲಿ ಬಿಡಿ. ಅದಕ್ಕೇನು ಹೊಟ್ಟೆ ಇಲ್ವಾ?"

ಬೆಳಿಗ್ಗೆಯಿಂದ ಎರಡು ಅಳಿಲುಗಳು ಆ ತಟ್ಟೆಯಲ್ಲೇ ಬಿಡಾರ ಹೂಡಿವೆ. ಗುಬ್ಬಿಗಳು ತಂತಿಯ ಮೇಲೆ ಕೂತು ಸ್ವಲ್ಪ ಹೊತ್ತು ಕಾದು ಹಾರಿಹೋದವು. ಅಳಿಲೆಂದರೆ ನನಗೆ ಯಾವತ್ತೂ ಅಷ್ಟಕ್ಕಷ್ಟೇ, ಅಮ್ಮ. ನನಗೆ ಬೇಕಿದ್ದದ್ದು ಗುಬ್ಬಿ. ನೀನು ಹೋಗಿ ವರ್ಷವಾಯಿತು, ನಾನಿಲ್ಲಿ ನಿನ್ನ ಮೇಲಿನ ಸಿಟ್ಟಿಗೆ ಅಳಿಲು ಸಾಕುತ್ತಾ ಕೂತಿದ್ದೇನೆ.