ಹೊಳೆಯಾಚೆಯ ಅಕ್ಕಿ

೬-೨-೧೯೪೪, ಭಾನುವಾರ. ಮಳವಳ್ಳಿ

ಮುಖ ತೊಳೆಯುವ ಮುಂಚೆಯೇ ಅಕ್ಕಿಯ ಗುಡಾಣಕ್ಕೆ ಕೈ ಹಾಕಿದೆ. ಮತ್ತೆ ಇಳಿದಿದೆ. ಡಿಪೊದಿಂದ ತಂದು ಇನ್ನೂ ಆರು ದಿನ! ಮದುವೆಗೆ ಮುಂಚೆ ನಾನು, ಅವ್ವ ಇಬ್ಬರೇ — ತಿಂಗಳ ಅಕ್ಕಿ ತಿಂಗಳಿಗೆ ಬರುತ್ತಿತ್ತು. ಈಗ ಮೂರು ಜನ, ಮೂರು ಜನರ ರೇಷನ್ನು. ಆದರೂ ಹೀಗೆ. ಮಧ್ಯಾಹ್ನ ಮುದ್ದೆ, ಸಂಜೆ ಮಾತ್ರ ಅನ್ನ. ಎಲ್ಲಿಗೆ ಹೋಗುತ್ತದೆ?

ಅವ್ವ ನೋಡಿಬಿಟ್ಟಳು. "ಗುಡಾಣದೊಳ್ಗೆ ಏನ್ಲಾ ಬಗ್ಗಿ ನೋಡೀಯೆ? ಎಂಗಸ್ರು ಕೆಲ್ಸ ಕಣ್ಲಾ ಅದು. ಅತ್ಲಾಗೋಗು."

ಹೋದೆ. ತಲೆಯಿಂದ ಹೋಗಲಿಲ್ಲ. ತಾಲ್ಲೂಕು ಕಛೇರಿಯಲ್ಲಿ ನನ್ನ ಕೆಲಸವೇ ಇದು. ಜನ ಬರೆದುಕೊಟ್ಟದ್ದನ್ನು ಸುಳ್ಳು ಎಂದುಕೊಂಡೇ ಓದುವುದು. ಹನ್ನೊಂದು ವರ್ಷದ ಅಭ್ಯಾಸ.

ಸಂಜೆ ೬ ಗಂಟೆ

ಭಾವ ಚಿಕ್ಕಣ್ಣ ಬಂದು ಹೋದ — ನನ್ನ ಹೆಂಡತಿ ಮಲ್ಲಿಗಮ್ಮನ ಅಣ್ಣ. ಎರಡು ವಾರಕ್ಕೊಮ್ಮೆ ಸೈಕಲ್ ತುಳಿದು ಶಿವನಸಮುದ್ರದ ಸೇತುವೆ ದಾಟಿ ಬರುತ್ತಾನೆ. ತಂಗಿಯ ಮೇಲೆ ಅಷ್ಟು ಪ್ರೀತಿಯೋ, ಬೇರೇನೋ. ಹೊಳೆ ದಾಟಿದರೆ ಕೊಳ್ಳೇಗಾಲ, ಮದ್ರಾಸಿನವರ ಸೀಮೆ. ಇಪ್ಪತ್ತು ಮೈಲಿಯಲ್ಲಿ ಎಲ್ಲವೂ ಬೇರೆ. ಇಲ್ಲಿ ಮಹಾರಾಜರು, ಅಲ್ಲಿ ಇಂಗ್ಲಿಷರು. ಹೊಲಕ್ಕೆ ನಮ್ಮಲ್ಲಿ ಗುಂಟೆ, ಅವರಲ್ಲಿ ಸೆಂಟು. ನಾವು 'ಕಣ' ಅಂದರೆ ಅವನು 'ಕನ'. ಅವನು ಮಾತಾಡುವಾಗ ಜೇಬು ಮುಟ್ಟಿ ನೋಡಿಕೊಳ್ಳಬೇಕು ಅನ್ನಿಸುತ್ತದೆ.

"ನಮ್ ಸ್ಟೋರ್ನಲ್ಲಿ ಮುರ್ದೋದ ಸೋಪು ಅರ್ದ ಬೆಲ ಕನ ಬಾವ. ನಿಮ್ ಕಡ ಅಂಗ ಕೊಟ್ಟರಾ?" ಅಂದ.

ಮುರಿದ ಸೋಪು ಮಾರುವುದೂ ಒಂದು ಹೆಮ್ಮೆ! ಎರಡು ತುಂಡು ತಂದಿದ್ದ. ನೊರೆ ಚೆನ್ನಾಗಿಯೇ ಬಂತು. ಅರ್ಧ ಬೆಲೆಗೆ ಇಷ್ಟು ನೊರೆ ಯಾಕೆ ಬರಬೇಕು?

ಬರುವಾಗ ಚೀಲ ಉಬ್ಬಿತ್ತು. ಹುಣಸೆಹಣ್ಣು ಅಂದ. ಹೋಗುವಾಗಲೂ ಉಬ್ಬಿತ್ತು. ಹಸುವಿಗೆ ತವುಡು ಅಂದ. ತವುಡಿನ ಕೆಳಗೆ?

೧೪-೨-೪೪

ಗುಡಾಣದ ಒಳಗೆ, ಅಕ್ಕಿ ನಿಂತ ಮಟ್ಟದಲ್ಲಿ, ಇದ್ದಿಲಿನಿಂದ ಒಂದು ಗೆರೆ ಎಳೆದೆ. ಮಲ್ಲಿಗಮ್ಮ ನೀರಿಗೆ ಹೋಗಿದ್ದಳು, ಅವ್ವ ಹಿತ್ತಿಲಲ್ಲಿ. ನನ್ನ ಮನೆಯಲ್ಲಿ ನಾನೇ ಕಳ್ಳನ ಹಾಗೆ... ನಾಚಿಕೆ ಆಯಿತು. ಆದರೂ ಎಳೆದೆ. ಈ ವೇಗದಲ್ಲಿ ಇಪ್ಪತ್ತನೇ ತಾರೀಕಿಗೆ ತಳ ಕಾಣಬೇಕು.

೧೭-೨-೪೪

ಗೆರೆಯಿಂದ ಒಂದು ಗೇಣು ಕೆಳಗೆ. ಮೂರೇ ದಿನ!

೨೧-೨-೪೪, ಸೋಮವಾರ

ಗೆರೆ ಇಲ್ಲ.

ನಿನ್ನೆ ಭಾವ ಬಂದಿದ್ದ. ಇವತ್ತು ನೋಡಿದರೆ ಗೆರೆಯೇ ಮಾಯ. ಒರೆಸಿದ್ದಾಳೆ! ಅಂದರೆ ಗೊತ್ತಾಗಿದೆ. ಗೊತ್ತಾದವಳು ನನ್ನನ್ನು ಒಂದು ಮಾತು ಕೇಳಲಿಲ್ಲ. ತಪ್ಪಿಲ್ಲದವಳು ಜಗಳ ಆಡುತ್ತಿರಲಿಲ್ಲವೇ?

"ಗುಡಾಣ ತೊಳೆದೆಯಾ?" ಅಂದೆ.

"ಅಕ್ಕಿ ಇರೋ ಗುಡಾಣವ ಯಾರಾದ್ರೂ ತೊಳ್ದಾರಾ?" ಅಂದಳು. ಆದರೆ ಮುಖ ಆಚೆ ತಿರುಗಿಸಿಕೊಂಡಳು.

ಮದುವೆಯಾಗಿ ಎಂಟು ತಿಂಗಳು. ನನಗೆ ಅವಳು ಇಷ್ಟ. ಇದನ್ನು ಬೇರೆ ಎಲ್ಲೂ ಹೇಳಿಲ್ಲ, ಇಲ್ಲಿ ಬರೆಯುತ್ತೇನೆ. ಇಷ್ಟವಿಲ್ಲದಿದ್ದರೆ ಹೊಟ್ಟೆ ಇಷ್ಟು ಉರಿಯುತ್ತಿರಲಿಲ್ಲ. ನನ್ನ ಮನೆಯ ಅಕ್ಕಿ ತವರಿಗೆ ಸಾಗಿಸುತ್ತಿದ್ದಾಳೆ. ಪರ್ಮಿಟ್ ಇಲ್ಲದೆ ಗಡಿ ದಾಟಿದರೆ ಜೈಲು. ಸಿಕ್ಕಿಬಿದ್ದರೆ ಮೊದಲು ಹೋಗುವುದು ನನ್ನ ಕೆಲಸ.

೩-೩-೪೪

ಸೇತುವೆ ಗೇಟಿನ ಜಮಾದಾರರಿಗೆ ಮೂಗರ್ಜಿ ಬರೆದೆ. ಹೆಸರು ಹಾಕಲಿಲ್ಲ. 'ಭಾನುವಾರ ಸೈಕಲ್ಲಿನಲ್ಲಿ ಬರುವ ಚಿಕ್ಕಣ್ಣ ಎಂಬವನ ಚೀಲ ತಪಾಸಣೆ ಮಾಡುವುದು.' ಇಷ್ಟೇ. ಜೈಲಿಗೆ ಹಾಕಿ ಎಂದು ಬರೆದಿಲ್ಲ. ಹೆದರಿಸಿ ಬಿಡಲಿ. ಒಂದು ಸಲ ಹೆದರಿದರೆ ಬರುವುದು ನಿಲ್ಲಿಸುತ್ತಾನೆ, ಮನೆ ನೆಟ್ಟಗಾಗುತ್ತದೆ.

ಅಂಚೆಗೆ ಹಾಕಿ ಬಂದು ಊಟಕ್ಕೆ ಕೂತೆ. ಎರಡು ಸಲ ಬಡಿಸಿಕೊಂಡೆ. ಮನಸ್ಸು ಹಗುರವಾಗಿತ್ತು.

೬-೩-೪೪, ಸೋಮವಾರ

ಹಿಡಿದರು.

ಗೇಟಿನ ಕಾವಲಿನ ಲಿಂಗಯ್ಯ ಕಛೇರಿಗೇ ಬಂದು ಹೇಳಿದ. ನಮ್ಮ ಕಡೆಯವನೇ, ದುದ್ದದವನು.

"ನಿಮ್ ಬಾವನ್ನ ಇಲ್ಲಿ ಲಾಕಪ್ನಾಗೆ ಮಡಗವ್ರೆ ಸ್ವಾಮಿ. ಉಣಸೆಅಣ್ಣಿನ ಕೆಳ್ಗೆ ಆರ್ ಸೇರು ಅಕ್ಕಿ."

"ತವುಡಿನ ಕೆಳಗೆ ತಾನೆ? ಹೋಗುವಾಗ?"

"ಓಗುವಾಗ ಎಲ್ಲಿ? ಬರುವಾಗ. ಆಚೆಯಿಂದ ಈಚೀಗೆ ತತ್ತಿದ್ದ. ತಂಗಿ ಮನೇಗಂತೆ."

ಬರುವಾಗ... ಲಿಂಗಯ್ಯ ಇನ್ನೂ ಏನೋ ಹೇಳುತ್ತಿದ್ದ. ಕೇಳಿಸಲಿಲ್ಲ.

೮-೩-೪೪

ಎರಡು ದಿನ ಬರೆಯಲಾಗಲಿಲ್ಲ. ಮಲ್ಲಿಗಮ್ಮ ಅತ್ತು ಅತ್ತು ಎಲ್ಲ ಹೇಳಿದಳು.

"ಎಷ್ಟು ಇಡ್ದು ಅಳುದ್ರೂ ಅಕ್ಕಿ ಇಪ್ಪತ್ ದಿನಕ್ಕ ಮುಗ್ದೋಗದು. ಯಾಕ ಅಂತ ನಂಗೊತ್ತಿಲ್ಲ ಕನಿ. ನಿಮ್ಗ ಏಳುದ್ರ ತವರ್ಗ ಸಾಗ್ಸ್ತಾವ್ಳ ಅನ್ನೋರು. ಅದ್ಕ ಅಣ್ಣನ್ತಾವು ಏಳ್ಕಂಡಿ. ಪಾಪ, ಅವ್ನು ತಂದು ತಂದು ತುಂಬ್ಸ್ದ."

ಅಂದರೆ ಗೆರೆಯನ್ನು ಯಾರೂ ಒರೆಸಿರಲಿಲ್ಲ. ಹೊಸ ಅಕ್ಕಿ ಗೆರೆಯ ಮೇಲೆ ಬಂದು ಮುಚ್ಚಿಬಿಟ್ಟಿತ್ತು. ಒಂದು ಹಿಡಿ ಸರಿಸಿ ನೋಡಿದ್ದರೆ ಸಾಕಿತ್ತು. ಸರಿಸಲಿಲ್ಲ ನಾನು. ಗೆರೆ ಹುಡುಕುವ ಅವಸರದಲ್ಲಿ ಅಕ್ಕಿ ಮೇಲೇರಿದ್ದೂ ಕಾಣಲಿಲ್ಲ. ಹನ್ನೊಂದು ವರ್ಷದ ಗುಮಾಸ್ತ!

ಆದರೂ ಅಕ್ಕಿ ಯಾಕೆ ಸಾಲುತ್ತಿರಲಿಲ್ಲ? ಅವಳು ಅಳೆಯುವ ಸೇರನ್ನು ತಗಡಿನ ಕೆಲಸದ ಅಫ್ಸರ್ ಪಾಷಾ ಹತ್ತಿರ ಒಯ್ದೆ. ಅವರ ಅಂಗಡಿಯಲ್ಲಿ ಮೊಹರಿನ ಮೈಸೂರು ಸೇರು ಇದೆ. ನಮ್ಮದರ ತುಂಬ ರಾಗಿ ಹಾಕಿ ಅದಕ್ಕೆ ಸುರಿದರು. ತುಂಬಿತು, ಮೇಲೆ ಚೆಲ್ಲಿತು, ಆದರೂ ನಮ್ಮದರಲ್ಲಿ ತಳದ ಮೇಲೆ ನಾಲ್ಕು ಬೆರಳು ಉಳಿದೇ ಇತ್ತು.

"ಇದು ಮದ್ರಾಸ್ ಮಾಪು ಸ್ವಾಮಿ. ಹೊಳೆ ಆಚೆದು. ನಿಮ್ಮ ಮನೆಗೆ ಹೆಂಗೆ ಬಂತು?"

ಹೇಗೆ ಬಂತು! ಸೊಸೆ ಮನೆ ತುಂಬುವಾಗ ಹೊಸಿಲ ಮೇಲಿನ ಅಕ್ಕಿ ಸೇರನ್ನು ಕಾಲಿನಿಂದ ಉರುಳಿಸಿ ಒಳಗೆ ಬರುತ್ತಾಳಲ್ಲ, ಅದು ಅವಳ ತವರಿನಿಂದ ಬಂದದ್ದು. ನಮ್ಮ ಮನೆಯಲ್ಲಿ ಆಮೇಲೆ ಅದರಲ್ಲೇ ಅಳೆಯಬೇಕು. ಅವ್ವ ಹಳೆಯ ಸೇರನ್ನು ಅವತ್ತೇ ಅಟ್ಟಕ್ಕೆ ಹಾಕಿದ್ದಳು. ಕೇಳಿದರೆ, "ಲಕ್ಸ್ಮಿ ಬಂದಿದ್ದು ಅದ್ರಲ್ಲಿ ಕಣಪ್ಪ. ಅದ ಬುಟ್ಟು ಇನ್ಯಾತ್ರಲ್ಲಿ ಅಳೆಯೋದು?" ಅಂದಳು.

ದಿನಾ ಒಂದು ಸೇರು ಅಂದುಕೊಂಡು ಹೆಚ್ಚುಕಡಿಮೆ ಒಂದೂವರೆ ಸೇರು ಬೇಯಿಸಿದ್ದಾಳೆ. ಆ ಅಕ್ಕಿ ಎಲ್ಲೂ ಹೋಗಿಲ್ಲ. ನಾನೇ ತಿಂದಿದ್ದೇನೆ. ಹೋದ ಯುಗಾದಿಗೆ ಹೊಲಿಸಿದ ಕೋಟಿಗೆ ಈಗ ಗುಂಡಿ ಹಾಕಲು ಆಗುವುದಿಲ್ಲ.

೯-೩-೪೪

ಮೂಗರ್ಜಿ ಸಂಗತಿ ಅವಳಿಗೆ ಹೇಳಲಿಲ್ಲ. ಹೇಳಬೇಕು ಅಂತ ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ನೀರು ಕೇಳಿದೆ. ತಂದುಕೊಟ್ಟಳು.

ಹೇಳಿದರೆ ಅವಳು ಹೊಳೆ ದಾಟಿ ಹೋಗುತ್ತಾಳೆ, ತಿರುಗಿ ಬರುವುದಿಲ್ಲ. ಹೇಳದಿದ್ದರೆ ಅವಳಿಗೆ ಗೊತ್ತಾಗುವುದಾದರೂ ಹೇಗೆ? ಕಾಗದದ ಮೇಲೆ ಹೆಸರಿಲ್ಲ.

೧೧-೩-೪೪, ಶನಿವಾರ

ಬೆಳಿಗ್ಗೆ ಮಲ್ಲಿಗಮ್ಮ ಅಣ್ಣನಿಗೆ ಬುತ್ತಿ ಕಟ್ಟಿಕೊಂಡು ಲಾಕಪ್ಪಿಗೆ ಹೋದಳು. ಹನ್ನೊಂದಕ್ಕೆ ಬಂದಳು. ಅಳಲಿಲ್ಲ. ಅದೇ ಭಯವಾಯಿತು.

"ಅಮಲ್ದಾರ್ರಿಗೆ ಒಂದು ಅರ್ಜಿ ಕೊಟ್ರ ದಂಡ ಆಕಿ ಬುಟ್ಟಾರಂತ. ಬರ್ದು ಕೊಡಿ."

"ಬೇರೆ ಯಾರ ಕೈಲಾದರೂ ಬರೆಸೋಣ. ನಾನು ಕಛೇರಿಯವನು, ಸರಿಹೋಗೋದಿಲ್ಲ."

"ನೀವೇ ಬರೀಬೇಕು."

ಕಾಗದ, ಮಸಿ, ಲೆಕ್ಕಣಿಕೆ ತಾನೇ ತಂದಿಟ್ಟಳು. ಎದುರಿಗೆ ಚಾಪೆ ಹಾಸಿ ಕೂತಳು. ಓದು ಬಾರದವಳು. ನಾನು ಅರ್ಜಿ ಬರೆಯುತ್ತಿದ್ದೇನೆ ಎಂದುಕೊಂಡಿದ್ದಾಳೆ, ನಾನು ಬರೆಯುತ್ತಿರುವುದು ಇದನ್ನು. ಅರ್ಜಿಯ ಕಾಗದ ಪಕ್ಕದಲ್ಲಿ ಬೆಳ್ಳಗೆ ಬಿದ್ದಿದೆ. ಅಲ್ಲಿ ಕೈ ಓಡುತ್ತಿಲ್ಲ.

ಈಗ ಹೇಳುತ್ತಿದ್ದಾಳೆ. ಮೆಲ್ಲಗೆ, ಸೊಪ್ಪು ಬಿಡಿಸುತ್ತಾ. "ಟೇಸನ್ನಲ್ಲಿ ಆ ದೂರಿನ ಕಾಗ್ದವ ಅಣ್ಣನ ಮುಂದ ಇಡ್ದು ಓದುದ್ರಂತ. ಅಣ್ಣ ಅಕ್ಷರ ನೋಡ್ದ. ನಮ್ಮವ್ವನ್ಗ ನನ್ನ ಪರ್ವಾಗಿ ತಿಂಗ್ತಿಂಗ್ಳು ನೀವು ಬರೀತಿದ್ದ ಕಾಗ್ದಗಳ್ನ ಓದಿ ಏಳ್ತಿದ್ದೋನು ಅವ್ನೇ ಕನಿ."

ಲೆಕ್ಕಣಿಕೆಯನ್ನು ಮತ್ತೆ ಮಸಿಗೆ ಅದ್ದಿದೆ.

"ದೂರು ಕೊಟ್ಟೋನ್ ಎಸ್ರು ಮೊದ್ಲು ಬರೀರಿ. ಬರ್ದು ಗಟ್ಟಿಯಾಗಿ ಓದಿ. ನಾನು ಇಲ್ಲೇ ಕೂತಿರ್ತೀನಿ."

ಅರ್ಜಿಯ ಕಾಗದ ಎಳೆದುಕೊಂಡೆ. ಶ್ರೀಮನ್ಮಹಾರಾಜರವರ ಸರ್ಕಾರದ ಮಳವಳ್ಳಿ ತಾಲ್ಲೂಕು ಅಮಲ್ದಾರರವರ ಸನ್ನಿಧಾನಕ್ಕೆ — ಇಷ್ಟು ಬರೆದೆ, ಗಟ್ಟಿಯಾಗಿ ಓದಿದೆ. ಅವಳು ಹೂಂ ಅಂದಳು. ಮುಂದೆ? ಅಂದಳು. ಮುಂದೆ, ಚಿಕ್ಕಣ್ಣನ ಮೇಲೆ ದೂರು ಕೊಟ್ಟವನು