ಇಪ್ಪತ್ತೆಂಟು ದಿನದ ಬಿಲ್ಲೆ

ಮಾರ್ಚ್ 4, ಬೆಳಿಗ್ಗೆ 10
ಲ್ಯಾಬಿನ ವಾಟರ್ ಬಾತ್ 37 ಡಿಗ್ರಿ, ಮೈಯ ಬಿಸಿಯಷ್ಟೇ. ನಾನು ಮಾಡಿದ ಹೊಸ ಬ್ಯಾಚಿನ ಮೂರು ಔಷಧದ ಬಿಲ್ಲೆ ನೀರಿಗೆ ಬಿಟ್ಟೆ. ಇಪ್ಪತ್ತೆಂಟು ದಿನ ಸ್ವಲ್ಪ ಸ್ವಲ್ಪವೇ ಔಷಧ ಬಿಡುತ್ತ, ಅದನ್ನು ಹಿಡಿದಿಟ್ಟ ಪಾಲಿಮರ್ ತಾನೂ ಕರಗಿ ಹೋಗಬೇಕು. ಇದೇ ಬ್ಯಾಚಿನ ಎಂಟು ಬಿಲ್ಲೆ ನಾಳೆ ಅಕ್ಕನ ತಲೆಯೊಳಗೆ, ಗಡ್ಡೆ ತೆಗೆದ ಜಾಗದಲ್ಲಿ. ಔಷಧ ಮೈಯೆಲ್ಲ ಸುತ್ತುವುದು ಬೇಡ, ಅಲ್ಲೇ ಇದ್ದು ಕೆಲಸ ಮಾಡಲಿ.

ಮಾರ್ಚ್ 5
ಆಪರೇಷನ್ ಆಯಿತು. ಸರ್ಜನ್ ನಕ್ಕರು! ಆ ಮನುಷ್ಯನಿಗೂ ಹಲ್ಲಿದೆ ಅಂತ ಇವತ್ತೇ ಗೊತ್ತಾದದ್ದು.

ಮಾರ್ಚ್ 7
ಅಕ್ಕ ಎದ್ದು ಕೂತಳು. ತಲೆಗೆ ಬ್ಯಾಂಡೇಜ್, ಬಾಯಿಗೆ ಬಿಡುವಿಲ್ಲ. ನರ್ಸಿಗೆ ಹೇಳುತ್ತಿದ್ದಳು — "ನನ್ನ ತಲೇಲಿ ಏನೂ ಇಲ್ಲ ಅಂತಿದ್ಲು ನಮ್ಮ ತಂಗಿ. ಈಗ ಅವಳು ಮಾಡಿದ್ದೇ ಎಂಟಿದೆ ನೋಡಿ!"

ಮಾರ್ಚ್ 8, ಮಧ್ಯಾಹ್ನ 1
ನೀರಿಗೆ ಬಂದ ಔಷಧ ಶೇಕಡ ನಲವತ್ತೊಂದು. ನಾಲ್ಕು ದಿನಕ್ಕೆ ಹದಿನಾಲ್ಕಿರಬೇಕಿತ್ತು. ಅಳೆಯುವ ಮೆಷಿನ್ ಕೆಟ್ಟಿರಬೇಕು. ಮತ್ತೆ ನೋಡಿದೆ. ನಲವತ್ತೊಂದು. ಕಡ್ಡಿಯಲ್ಲಿ ಮುಟ್ಟಿದರೆ ಬಿಲ್ಲೆ ಪುಡಿಪುಡಿ.

ಸಂಜೆ 4
ನೆನಪಾಯಿತು. ಫ್ರೀಜರಿನಿಂದ ತೆಗೆದ ಪಾಲಿಮರ್ ಬಾಟಲಿಯನ್ನು ಎರಡು ಗಂಟೆ ಹೊರಗಿಟ್ಟು, ತಣುಪೆಲ್ಲ ಹೋದ ಮೇಲೆಯೇ ತೆರೆಯಬೇಕು. ಇಲ್ಲದಿದ್ದರೆ ಗಾಳಿಯ ತೇವ ಒಳಗೆ ಕೂತು, ಪಾಲಿಮರ್ ಆಗಲೇ ಮುರಿಯತೊಡಗುತ್ತದೆ, ಔಷಧ ಬೇಗನೇ ಹೊರಬೀಳುತ್ತದೆ. ಹೊಸಬರಿಗೆ ಮೊದಲ ದಿನವೇ ನಾನು ಹೇಳಿಕೊಡುವ ಪಾಠ. ಆಪರೇಷನ್ ಎರಡು ದಿನ ಮುಂಚೆಯೇ ಮಾಡುತ್ತೇವೆ ಎಂದಿದ್ದರು. ಅಕ್ಕನಿಗೆ ಬಿಲ್ಲೆ ತಪ್ಪಬಾರದೆಂದು ಗಡಿಬಿಡಿ... ಅರ್ಧ ಗಂಟೆಗೇ ತೆರೆದುಬಿಟ್ಟೆ.

ಮಾರ್ಚ್ 9
ಲ್ಯಾಬ್ ನಡೆಸುವ ಮೇಡಂ ಬಾಗಿಲ ತನಕ ಹೋಗಿ ವಾಪಸ್ ಬಂದೆ. ಹೇಡಿ ನಾನು.
ಅಕ್ಕ ಚಮಚ ಎಡಗೈಯಲ್ಲಿ ಹಿಡಿದಿದ್ದಳು. "ಬಲಗೈ ಜೋಮು ಹಿಡಿದಿದೆ ಕಣೇ. ಬರೀ ಮಲಗಿದ್ರೆ ಇನ್ನೇನಾಗುತ್ತೆ?"
ಮಲಗಿದ್ದಕ್ಕಲ್ಲ.

ಮಾರ್ಚ್ 11, ಬೆಳಿಗ್ಗೆ 11
ಸ್ಕ್ಯಾನಿನಲ್ಲಿ ಬಾವು. ಬಿಲ್ಲೆಗಳ ಸುತ್ತಲೇ. ಮೂರು ದಿನ ಬಾಯಿ ಮುಚ್ಚಿಕೊಂಡಿದ್ದೆ. ಮೂರು ದಿನ! ಸರ್ಜನ್ ಮುಂದೆ ಎಲ್ಲ ಹೇಳಿದೆ. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.
"ಬಿಲ್ಲೇಲಿ ಔಷಧ ಇನ್ನೆಷ್ಟು ಉಳಿದಿರಬಹುದು?"
"ಅರ್ಧಕ್ಕಿಂತ ಕಮ್ಮಿ, ಸರ್."
"ಸಿಕ್ಕಷ್ಟು ತೆಗೀಬೇಕು. ಈಗಲೇ. ಪುಡಿಯಾಗಿದ್ರೆ ಎಲ್ಲಾ ಸಿಗಲ್ಲ, ಗೊತ್ತಲ್ಲ? ಬಾವು ಬಂದಿದೆ, ಮತ್ತೆ ತೆರೀಬೇಕು ಅಂತ ನಿಮ್ಮಕ್ಕನಿಗೆ ನಾನು ಹೇಳ್ತೀನಿ. ಯಾಕೆ ಬಂತು ಅಂತ ಯಾರು ಹೇಳ್ತಾರೆ?"
"ನಾನೇ."

11.40
ವಾರ್ಡಿನ ಹೊರಗೆ ಬೆಂಚು. ಒಳಗೆ ಹೋಗಿದ್ದೆ. ಬಾಯಿ ತೆರೆಯುವ ಮುಂಚೆಯೇ ಅಕ್ಕ ನನ್ನ ಕೈ ಹಿಡಿದುಕೊಂಡಳು. ಎಡಗೈಯಲ್ಲಿ.
"ಮತ್ತೆ ತೆರೀತಾರಂತೆ. ತೆರೀಲಿ ಬಿಡು. ಆದ್ರೆ ಈ ಸಲಾನೂ ನೀನು ಮಾಡಿದ್ದನ್ನೇ ಇಡ್ಸು. ಬೇರೆಯವರು ಮಾಡಿದ್ದು ನಂಗೆ ಬೇಡ."
ನೀರು ಕುಡಿದು ಬರ್ತೀನಿ ಎಂದು ಹೊರಗೆ ಓಡಿಬಂದೆ. ಸ್ಟ್ರೆಚರ್ ಬಂತು. ಹೋಗಬೇಕು. ಹೇಗೆ ಶುರು ಮಾಡಲಿ? ಅಕ್ಕಾ, ಆ ಬಾಟಲಿ ತಣ್ಣಗಿತ್ತು. ಗೊತ್ತಿದ್ದೂ ನಾನು —