ಅಜ್ಜನ ರೈಫಲ್ಲಿಗೆ ಗಿಡ್ಡ ನಳಿಗೆ

ಏಪ್ರಿಲ್ 3, ಗುರುವಾರ

ಬಲಗಿವಿ ಕೇಳಿಸುವುದಿಲ್ಲ. ಹದಿನೈದನೇ ವಯಸ್ಸಿನಿಂದ. ಯಾರಿಗೂ ಹೇಳಿಲ್ಲ, ಇಲ್ಲೂ ಬರೆದಿಲ್ಲ.

ಇವತ್ತು ಅಂಗಡಿಯಲ್ಲಿ ಗುಂಡಿನ ಪೆಟ್ಟಿಗೆ ಜೋಡಿಸುತ್ತಿದ್ದೆ. ಬರ್ಲ್ ಬಲಗಡೆಯಿಂದ ಕೂಗಿದರಂತೆ. ಹತ್ತಿರ ಬಂದು, "ಏನಮ್ಮಾ ಲೇಸಿ, ಯಾರ ಕನಸು ಕಾಣ್ತಿದ್ದೀಯಾ?" ಅಂದರು. ನಕ್ಕೆ. ಬಂದೂಕಿನಂಗಡಿ ಯಜಮಾನರಿಗೆ ಕಿವುಡಿ ಅಂತ ಹೇಳಿ ಕೆಲಸ ಕಳೆದುಕೊಳ್ಳಲಾ?

ಸ್ಕೂಲು ಬಿಟ್ಟದ್ದೂ ಇದಕ್ಕೇ. ಬೋರ್ ಆಗುತ್ತೆ ಅಂದಿದ್ದೆ, ಎಲ್ಲರೂ ನಂಬಿದರು. ಉಳಿದೆಲ್ಲ ವಿಷಯದಲ್ಲಿ ಮುಖಕ್ಕೆ ಹೊಡೆದ ಹಾಗೆ ನಿಜ ಹೇಳುವವಳು. ಇದೊಂದು ಮಾತ್ರ...

ಕಿವಿ ಹೋದ ದಿನ ಡೆನ್ಜಿಲಣ್ಣ ನನಗೆ ಟ್ರಕ್ ಕಲಿಸುತ್ತಿದ್ದ. ಸ್ಟಿಯರಿಂಗ್ ಹಿಂದೆ ನಾನು, ಬಲಕ್ಕೆ ಅವನು. ಬೇಲಿ ಹತ್ತಿರ ನರಿಯಂಥ ಕಯೋಟಿ ಕಂಡಿತು. ಅಜ್ಜನ ರೈಫಲ್ ಎತ್ತಿ ಕಿಟಕಿಯಿಂದ ಹೊಡೆದ. ನಳಿಗೆಯ ತುದಿ ಇನ್ನೂ ಒಳಗೇ ಇತ್ತು. ಕಯೋಟಿ ತಪ್ಪಿಸಿಕೊಂಡಿತು. ಅವನು ನಗುತ್ತಿದ್ದ — ಬಾಯಿ ಕಾಣುತ್ತಿತ್ತು, ದನಿ ಇಲ್ಲ. ಎಡಗಿವಿ ಸಂಜೆಗೆ ವಾಪಸು ಬಂತು.

ಏಪ್ರಿಲ್ 6, ಭಾನುವಾರ

ಡೆನ್ಜಿಲ್ ಷೇವ್ ಮಾಡಿಕೊಂಡಿದ್ದಾನೆ! ಕೆಲಸ ಮಾಡುತ್ತಿದ್ದ ಗಣಿ ಮುಚ್ಚಿದ ಮೇಲೆ ಚಳಿಗಾಲ ಪೂರ್ತಿ ಸೋಫಾದ ಮೇಲೆ ಮಲಗಿದ್ದವನು. ಎರಡು ವಾರದಿಂದ ಗ್ಯಾರೇಜಿನಲ್ಲಿ ಏನೋ ಮಾಡುತ್ತಿದ್ದ. ಊಟಕ್ಕೆ ಮುಂಚೆ ಟವೆಲಿನಲ್ಲಿ ಸುತ್ತಿ ತಂದು ಅಮ್ಮನ ಮುಂದೆ ಮೇಜಿನ ಮೇಲಿಟ್ಟ.

"ಬಿಚ್ಚಮ್ಮಾ."

ಗಿಡ್ಡ ಎಆರ್ ಪಿಸ್ತೂಲು, ಮಿಲಿಟರಿ ರೈಫಲ್ಲಿನ ತಮ್ಮನ ಹಾಗೆ. ಹಿಂದೆ ಭುಜಕ್ಕಾನಿಸುವ ಹಿಡಿ ಇಲ್ಲ, ಮುಂಗೈಗೆ ಪಟ್ಟಿ ಕಟ್ಟಿಕೊಳ್ಳುವ ಬ್ರೇಸ್ ಇದೆ. ಅಮ್ಮ ಬೆಟ್ಟ ದಾಟಿ ವರ್ಜೀನಿಯಾ ಕಡೆ ಮುದುಕರನ್ನು ನೋಡಿಕೊಳ್ಳಲು ಹೋಗುತ್ತಾಳೆ. ಆ ದಾರಿಯಲ್ಲಿ ಫೋನ್ ಹತ್ತುವುದಿಲ್ಲ. ಕಳೆದ ತಿಂಗಳು ಯಾರೋ ಎರಡು ಸಲ ಹಿಂದೆಯೇ ಬಂದಿದ್ದರು.

"ಉದ್ದದ್ದು ಸ್ಟಿಯರಿಂಗಿಗೆ ಸಿಕ್ಕಿಹಾಕ್ಕೊಳ್ಳುತ್ತೆ. ಇದನ್ನ ಸೀಟಿನ ಪಕ್ಕ ಇಟ್ಕೊ," ಅಂದ.

ಅಮ್ಮ ಬಂದೂಕು ನೋಡಲೇ ಇಲ್ಲ. ಅವನ ಕೆನ್ನೆ ಮುಟ್ಟಿ ನೋಡಿದಳು.

"ಅಣ್ಣಾ, ಲೋವರ್ ಯಾವುದು?" ಅಂದೆ.

"ಅಜ್ಜಂದು. ಎರಡು ಪಿನ್ ಕಿತ್ತೆ, ಮೇಲಿನ ಉದ್ದದ್ದು ತೆಗೆದು ಗಿಡ್ಡದ್ದು ಕೂರಿಸಿದೆ. ಯಾಕೆ, ಬಣ್ಣ ಹಿಡಿಸಲಿಲ್ವಾ ಮಹಾರಾಣಿಗೆ?"

ಎತ್ತಿ ತಿರುಗಿಸಿ ನಂಬರ್ ನೋಡಿದೆ. ಲೋವರ್ ಅಂದರೆ ಟ್ರಿಗರ್ ಇರುವ, ನಂಬರ್ ಕೆತ್ತಿದ ಕೆಳಭಾಗ. ಕಾನೂನಿಗೆ ಅದೇ ಬಂದೂಕು, ಮಿಕ್ಕದ್ದೆಲ್ಲ ಬಿಡಿಭಾಗ. ಅಜ್ಜ ಅದನ್ನು ಅಂಗಡಿಯಿಂದ ಇಡೀ ರೈಫಲ್ಲಾಗಿ ತಂದದ್ದು.

ಏಪ್ರಿಲ್ 8

ಯಾರ ಹೆಸರೂ ಹೇಳದೆ ಬರ್ಲ್‌ರನ್ನು ಕೇಳಿದೆ. ಅವರು ಕನ್ನಡಕ ಹಣೆಗೇರಿಸಿದರು.

"ಪಿಸ್ತೂಲಾಗಿ ಹುಟ್ಟಿದ್ದನ್ನ ರೈಫಲ್ ಮಾಡು, ತಿರುಗಿ ಪಿಸ್ತೂಲು ಮಾಡು, ಯಾರೂ ಕೇಳಲ್ಲ. ರೈಫಲ್ಲಾಗಿ ಹುಟ್ಟಿದ್ದಕ್ಕೆ ಹದಿನಾರು ಇಂಚಿಗಿಂತ ಗಿಡ್ಡ ನಳಿಗೆ ಹಾಕಿದ್ಯೋ, ಬ್ರೇಸ್ ಹಾಕು, ರಿಬ್ಬನ್ ಕಟ್ಟು — ಅದು ಪಿಸ್ತೂಲಾಗಲ್ಲ. ಮಾಡೋದಕ್ಕೆ ಮುಂಚೇನೇ ಸರ್ಕಾರದ ಒಪ್ಪಿಗೆ ಬೇಕು. ಇಲ್ಲದಿದ್ರೆ ಫೆಡರಲ್ ಜೈಲು."

"ಮಾಡಿದವರಿಗಾ?"

"ಮಾಡಿದವರಿಗೂ, ಇಟ್ಕೊಂಡವರಿಗೂ." ಕನ್ನಡಕ ಇಳಿಸಿದರು. "ಯಾಕೆ ಕೇಳ್ತೀಯ ಅಂತ ನಾನು ಕೇಳಲ್ಲ. ಆ ಶೆಲ್ಫಲ್ಲಿ ಬರೀ ಲೋವರ್‌ಗಳಿವೆ. ಒಂದಕ್ಕೂ ಇನ್ನೂ ಏನೂ ಜೋಡಿಸಿಲ್ಲ. ಅದರಲ್ಲಿ ಶುರುಮಾಡಿದ್ರೆ ತಲೆನೋವೇ ಇರಲ್ಲ. ಅಷ್ಟು ಹೇಳಿದೀನಿ."

ಏಪ್ರಿಲ್ 9

ಡೆನ್ಜಿಲ್‌ಗೆ ಹೇಳಿದೆ. ಗ್ಯಾರೇಜಿನಲ್ಲಿ.

"ನಂಬರ್ ಬಾಯಿಬಿಟ್ಟು ಹೇಳುತ್ತಾ? ಈ ಕಣಿವೇಲಿ ಅರ್ಧ ಜನ ಹೀಗೇ ಬದಲಾಯಿಸ್ತಾರೆ ಕಣೇ."

"ಆ ಅರ್ಧ ಜನ ಅಮ್ಮನ ಟ್ರಕ್ಕಲ್ಲಿ ಬೆಟ್ಟ ದಾಟಲ್ಲ. ಸಿಕ್ಕಿಬೀಳೋದು ನೀನಲ್ಲ, ಅವಳು."

"ಎದ್ದು ಏನಾದ್ರೂ ಮಾಡು, ಏನಾದ್ರೂ ಮಾಡು ಅಂತ ಡಿಸೆಂಬರಿಂದ ಬಡ್ಕೊಂಡವಳು ನೀನೇ ತಾನೆ? ಮಾಡಿದೆ. ಈಗ ಇದು ಶುರು."

ಬಾಗಿಲು ಹಾಕಿಕೊಂಡ.

ಅಮ್ಮನಿಗೂ ಹೇಳಿದೆ. ಪಾತ್ರೆ ತೊಳೆಯುತ್ತಾ ಕೇಳಿದಳು. "ಕಾನೂನು ನಂಗೆ ಗೊತ್ತಿಲ್ಲ ಲೇಸಿ. ನನ್ನ ಮಗ ಚಳಿಗಾಲ ಶುರುವಾದಾಗಿಂದ ಮೊದಲ ಸಲ ಮುಖ ತೊಳ್ಕೊಂಡು ನನ್ನ ಮುಂದೆ ಕೂತ. ಅದು ಗೊತ್ತು. ನಿನ್ನ ನಿಜ ಸ್ವಲ್ಪ ದಿನ ಜೇಬಲ್ಲಿಟ್ಕೊ."

ನನ್ನ ಜೇಬಲ್ಲಿ ಆಗಲೇ ಒಂದಿದೆ.

ಏಪ್ರಿಲ್ 19, ಶನಿವಾರ

ಹತ್ತು ದಿನ ಬರೆಯಲಿಲ್ಲ. ಬೆಳಿಗ್ಗೆ ಅಮ್ಮನ ಟ್ರಕ್ ಹೋಗುವ ಸದ್ದು, ಸಂಜೆ ಬರುವ ಸದ್ದು — ಮಧ್ಯೆ ಬೇರೇನೂ ಇರಲಿಲ್ಲ.

ಇವತ್ತು ತಡವಾಗಿ ಬಂದಳು. ವರ್ಜೀನಿಯಾ ಕಡೆ ಪೊಲೀಸ್ ನಿಲ್ಲಿಸಿದ್ದನಂತೆ. ಹಿಂದಿನ ದೀಪ ಹೋಗಿದೆ ಅಂತ. ಪಿಸ್ತೂಲು ಸೀಟಿನ ಮೇಲೆ, ಕೋಟಿನ ಕೆಳಗೆ. "ಕೋಟು ನೋಡಿದ, ನನ್ನ ನೋಡಿದ, ದೀಪ ಹಾಕಿಸ್ಕೊಳ್ಳಿ ಮೇಡಂ ಅಂತ ಬಿಟ್ಟ," ಅಂತ ನಕ್ಕಳು.

ಡೆನ್ಜಿಲ್ ಬಿಳಿಚಿಕೊಂಡ. ಆದರೂ, "ಏನೂ ಆಗಲಿಲ್ವಲ್ಲ. ನಾಳೆ ದೀಪ ನಾನು ಹಾಕ್ತೀನಿ," ಅಂದ. ಆಮೇಲೆ ಅಮ್ಮನಿಗೆ ಪಾಠ ಶುರುಮಾಡಿದ — ಯಾರಾದರೂ ಟ್ರಕ್ ಅಡ್ಡಗಟ್ಟಿದರೆ ಇಳಿಯಬೇಡ, ಕಿಟಕಿ ಇಳಿಸಿ ಒಳಗಿಂದಲೇ ಹೊಡಿ.

ಬಾಯಿಂದ ಹೊರಬಿತ್ತು. "ಆ ಟ್ರಕ್ ಒಳಗಿಂದ ಹೊಡೆದೇ ನನ್ನ ಕಿವಿ ಹೋಗಿದ್ದು. ಅದು ಉದ್ದ ನಳಿಗೆ. ಇದು ಗಿಡ್ಡದ್ದು, ಸದ್ದು ಅದಕ್ಕಿಂತ ಜೋರು."

"ಯಾವ ಕಿವಿ? ಏನು ಹೇಳ್ತಿದ್ದೀಯಾ?"

"ಕಯೋಟಿ. ನೆನಪಿಲ್ವಾ? ಬಲಗಿವಿ. ಅವತ್ತಿಂದ ಕೇಳಿಸಲ್ಲ."

ಡೆನ್ಜಿಲ್ ಎದ್ದು ಬಂದು ನನ್ನ ಬಲಕ್ಕೆ ನಿಂತ. ಕಿವಿಯ ಹತ್ತಿರ ಬಗ್ಗಿದ. ಅವನ ಉಸಿರು ಕತ್ತಿಗೆ ತಾಗಿತು. ಏನೋ ಹೇಳಿದ. ಎದುರಿಗಿದ್ದ ಅಮ್ಮನಿಗೆ ಕೇಳಿಸಿತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಏನಂದೆ?" ಅಂತ ಕೇಳಿದೆ.

ಡೆನ್ಜಿಲ್ ಗ್ಯಾರೇಜಿಗೆ ಹೋದ. ಅಮ್ಮನೂ ಹೇಳಲಿಲ್ಲ.

ಏಪ್ರಿಲ್ 20, ಈಸ್ಟರ್

ಅಜ್ಜನ ರೈಫಲ್ ಮತ್ತೆ ರೈಫಲ್ ಆಗಿದೆ. ಉದ್ದ ನಳಿಗೆ, ಹಳೆಯ ಹಿಡಿ, ಗೋಡೆಯ ಮೇಲಿನ ಅದೇ ಮೊಳೆ. ಗಿಡ್ಡದ್ದನ್ನೂ ಬ್ರೇಸನ್ನೂ ಡಬ್ಬದಲ್ಲಿ ಹಾಕಿ ನನ್ನ ಕೋಣೆಯ ಬಾಗಿಲಲ್ಲಿ ಇಟ್ಟಿದ್ದ. ಚೀಟಿ ಇಲ್ಲ, ಮಾತಿಲ್ಲ. ನಾಳೆ ಬರ್ಲ್‌ಗೆ ಕೊಡಬೇಕು. ಇದೂ ಆ ರೈಫಲ್ಲೂ ಒಂದೇ ಮನೆಯಲ್ಲಿರುವುದೂ ಬೇಡ; ಮತ್ತೆ ಜೋಡಿಸಲು ಇಟ್ಟಿದ್ದಾರೆ ಅಂತ ಕಾನೂನು ಹಿಡಿಯಬಹುದು.

ಚರ್ಚಿನಿಂದ ಬಂದು ಹ್ಯಾಮ್ ಊಟಕ್ಕೆ ಕೂತೆವು, ಅಮ್ಮ ನಾನು ಇಬ್ಬರೇ. ಡೆನ್ಜಿಲ್ ಸೋಫಾದ ಮೇಲೆ, ಗೋಡೆ ಕಡೆ ಮುಖ ಮಾಡಿ.

ಅಮ್ಮ ಜೈಲಿಗೆ ಹೋಗುವುದಿಲ್ಲ. ಗೆದ್ದೆ. ಗೆದ್ದವಳ ತಟ್ಟೆಯಲ್ಲಿ ಊಟ ಹಾಗೇ ಇದೆ.

ಏಪ್ರಿಲ್ 28

ಡೆನ್ಜಿಲ್‌ಗೆ ಮತ್ತೆ ಗಡ್ಡ ಬಂದಿದೆ. ನಾನು ಕೋಣೆಗೆ ಬಂದರೆ ಎದ್ದು ಹೊರಗೆ ಹೋಗುತ್ತಾನೆ. ಬೈಯಲಿ ಅಂತ ಕಾಯುತ್ತೇನೆ. ಬೈಯುವುದಿಲ್ಲ.

ಅಮ್ಮ ದೂರದ ಡೇಟನ್‌ನಲ್ಲಿರುವ ಓಪಲ್ ಚಿಕ್ಕಮ್ಮನಿಗೆ ಫೋನ್ ಮಾಡಿದ್ದಾಳೆ. ಅಲ್ಲಿ ಕಿವಿ ತೋರಿಸಬಹುದು, ಪ್ಯಾಕಿಂಗ್ ಕೆಲಸವೂ ಇದೆಯಂತೆ. "ನಿನ್ನ ಓಡಿಸ್ತಿಲ್ಲ ಕಣೇ. ನಿನ್ನ ನೋಡಿದಾಗೆಲ್ಲ ಅವನಿಗೆ ಆ ಟ್ರಕ್ ಕಾಣುತ್ತೆ. ಸ್ವಲ್ಪ ಉಸಿರಾಡಲಿ ಅವನು. ನೀನೂ."

ಬರ್ಲ್‌ಗೆ ಕಿವಿಯ ವಿಷಯ ಹೇಳಿದೆ. "ಓ, ಹಾಗಾದ್ರೆ ನನ್ನ ಜೋಕಿಗೆಲ್ಲ ಅರ್ಧವೇ ನಗ್ತಿದ್ದೆ ಅನ್ನು," ಅಂದರು. ಶೆಲ್ಫಿನಿಂದ ಒಂದು ಖಾಲಿ ಲೋವರ್ ತೆಗೆದು ಬೇರೆ ಇಟ್ಟರು. ನಾನೇ ಕೊಂಡು ಡೆನ್ಜಿಲ್‌ಗೆ ಕೊಡುತ್ತೇನೆ ಅಂದೆ. "ಬೇಡ. ಅವನೇ ನಡ್ಕೊಂಡು ಬರಲಿ, ಕೊಳ್ಳೋ ಫಾರ್ಮಿಗೆ ಅವನೇ ಸಹಿ ಹಾಕಲಿ. ಅವನ ಡಬ್ಬ ಇಲ್ಲೇ ಇದೆ ಅಂತ ಹೇಳು."

ಮುಚ್ಚಿದ ಗ್ಯಾರೇಜ್ ಬಾಗಿಲಿಗೆ ಹೇಳಿ ಬಂದೆ.

ಮೇ 2, ಶುಕ್ರವಾರ

ಅಂಗಡಿಯಲ್ಲಿ ಕೊನೇ ದಿನ. ಸಂಜೆವರೆಗೂ ಗಂಟೆ ಸದ್ದಾದಾಗೆಲ್ಲ ಬಾಗಿಲು ನೋಡಿದೆ. ಡೆನ್ಜಿಲ್ ಬರಲಿಲ್ಲ.

ರಾತ್ರಿ ಪಿಂಟೊ ಕಾಳು, ಮೆಕ್ಕೆಜೋಳದ ಬ್ರೆಡ್. ಅಮ್ಮ ಮೂರು ತಟ್ಟೆ ಇಟ್ಟಳು, ದಿನಾ ಇಡುವ ಹಾಗೆ. ಡೆನ್ಜಿಲ್ ಬಂದ. ಚಿಕ್ಕಂದಿನಿಂದ ಅವನ ಕುರ್ಚಿ ನನ್ನ ಬಲಕ್ಕೆ. ಅದರ ಹಿಂದೆ ಸ್ವಲ್ಪ ಹೊತ್ತು ನಿಂತ. ತಟ್ಟೆ ಎತ್ತಿಕೊಂಡ. ಮೇಜು ಸುತ್ತಿ ಬಂದು ನನ್ನ ಎಡಕ್ಕೆ ಕೂತ.

"ಕಾಳು ಈ ಕಡೆ ತಳ್ಳೇ," ಅಂದ.

ತಳ್ಳಿದೆ.

ನಾಳೆ ಬೆಳಿಗ್ಗೆ ಡೇಟನ್‌ಗೆ ಹೊರಡುತ್ತೇನೆ.